ಮಾಳಿಗೆ ಇಲ್ಲದ ಡಬ್ಬಿಗಳು

ಆದೋನಿ ಸೀಮೆಯವರಿಗೆ ರೈಲು ಹೊಸದಲ್ಲ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮದ್ರಾಸಿನ ಹಳಿ ಗುಂತಕಲ್ಲು, ಆಸ್ಪರಿ, ಆದೋನಿ, ಕೋಸಿಗಿ ದಾಟಿಯೇ ರಾಯಚೂರು ಸೇರಬೇಕು. ಹೀಗಾಗಿ ನೂರೈವತ್ತು ವರ್ಷಗಳಿಂದ ನಮ್ಮ ಹೊಲಗಳ ಬದುವಿನಲ್ಲೇ ಗಾಡಿ ಓಡಾಡುತ್ತಿದೆ. ಮೇಲ್ ಗಾಡಿ, ಎಕ್ಸ್‌ಪ್ರೆಸ್ ಗಾಡಿಗಳ ಹೆಸರು ನಮ್ಮ ಸಣ್ಣ ಮಕ್ಕಳಿಗೂ ಬಾಯಿಪಾಠ. ಆದರೆ ದಿನಕ್ಕೆ ಎಷ್ಟೋ ಸಲ ಗೇಟು ಹಾಕಿಸಿ ನಮ್ಮ ಎತ್ತಿನ ಗಾಡಿ, ಟ್ರ್ಯಾಕ್ಟರುಗಳನ್ನು ನಿಲ್ಲಿಸುವ ಗೂಡ್ಸ್ ಗಾಡಿಯ ಬಗ್ಗೆ ಯಾರೂ ಒಂದು ಮಾತು ಬರೆದಿಲ್ಲ.

ವಾಚನಾಲಯದವರು ಊರಿನ ಸುತ್ತಮುತ್ತಲ ಚರಿತ್ರೆ ಬರೆದುಕೊಡಿ ಅಂದಾಗ ನನಗೆ ಅನ್ನಿಸಿದ್ದು ಇದು. ಕೋಟೆ, ಗುಡಿ, ಶಾಸನಗಳ ಬಗ್ಗೆ ಬರೆಯುವವರು ನಮ್ಮಲ್ಲಿ ಇದ್ದಾರೆ, ನನಗಿಂತ ಚೆನ್ನಾಗಿ ಬರೀತಾರೆ. ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನು. ನಮ್ಮ ದೊಡ್ಡಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವರು. ಈ ಎರಡು ಕಾರಣಕ್ಕೆ ಗೂಡ್ಸ್ ಗಾಡಿಯ ಚರಿತ್ರೆ ನನ್ನ ಪಾಲಿಗೆ ಬಂತು ಅಂದುಕೊಂಡಿದ್ದೇನೆ. ಅದರಲ್ಲೂ ಮೇಲೆ ಮಾಳಿಗೆ ಇಲ್ಲದ, ತೊಟ್ಟಿಯಂಥ ಡಬ್ಬಿಗಳ ಚರಿತ್ರೆ.

ಮಾಳಿಗೆ ಯಾಕಿಲ್ಲ?

ಇದು ಶಾಲೆಯಲ್ಲಿ ಹುಡುಗರು ಕೇಳುತ್ತಿದ್ದ ಮೊದಲ ಪ್ರಶ್ನೆ. ಉತ್ತರ ಸರಳ. ಕಲ್ಲಿದ್ದಲು, ಅದಿರು, ಕಲ್ಲು, ಮರಳು, ಕಂಕರು, ಇವು ಮಳೆಗೆ ಕೆಡುವ ಮಾಲಲ್ಲ. ಮಾಳಿಗೆ ಹಾಕಿದರೆ ಅದರ ತೂಕವನ್ನೂ ಎಂಜಿನ್ ಎಳೆಯಬೇಕು, ಅದರ ದುಡ್ಡನ್ನೂ ರೈಲ್ವೆ ಕೊಡಬೇಕು. ಮೇಲೆ ತೆರೆದಿದ್ದರೆ ಬುಟ್ಟಿಯಿಂದಾದರೂ ಸುರಿಯಬಹುದು, ಯಂತ್ರದಿಂದಾದರೂ ಸುರಿಯಬಹುದು. ಇಳಿಸುವಾಗ ಪಕ್ಕದ ಬಾಗಿಲು ತೆಗೆದು ಸಲಿಕೆ ಹಾಕಬಹುದು, ಇಲ್ಲ ಇಡೀ ಡಬ್ಬಿಯನ್ನೇ ಮಗುಚಬಹುದು. ಹೀಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ತೂಕ ಸಾಗಿಸುವುದು ಈ ಡಬ್ಬಿಯ ಕಸುಬು. ಅದರ ಚರಿತ್ರೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಡಬ್ಬಿಯ ಸ್ವಂತ ತೂಕ ಎಷ್ಟು, ಅದು ಹೊರುವ ಮಾಲಿನ ತೂಕ ಎಷ್ಟು?

ಕಲ್ಲು ಮಣ್ಣಿನಿಂದ ಶುರು

ರೈಲು ಹುಟ್ಟಿದ್ದು ಜನರನ್ನು ಕೂರಿಸಿಕೊಂಡು ಹೋಗಲಿಕ್ಕಲ್ಲ. ಇಂಗ್ಲೆಂಡಿನ ಈಶಾನ್ಯ ಭಾಗದ ಗಣಿಗಳಿಂದ ನದಿಯ ದಂಡೆಗೆ ಕಲ್ಲಿದ್ದಲು ಸಾಗಿಸಲು ಮರದ ಹಳಿ ಹಾಕಿ, ಕುದುರೆ ಕಟ್ಟಿ, ಮರದ ತೊಟ್ಟಿಗಳನ್ನು ಎಳೆಸುತ್ತಿದ್ದರು. ಆ ತೊಟ್ಟಿಗೆ ಚಾಲ್ಡ್ರನ್ ಅಂತ ಹೆಸರು. ಚಾಲ್ಡ್ರನ್ ಅನ್ನುವುದು ಕಲ್ಲಿದ್ದಲಿನ ಅಳತೆಯ ಹೆಸರು, ನಮ್ಮಲ್ಲಿ ಖಂಡುಗ, ಪಲ್ಲ ಅಂದ ಹಾಗೆ. ನ್ಯೂಕ್ಯಾಸಲ್‌ನ ಒಂದು ಚಾಲ್ಡ್ರನ್ ಅಂದರೆ ಹತ್ತಿರ ಹತ್ತಿರ 2.7 ಟನ್. ಅಳತೆಯ ಹೆಸರೇ ಗಾಡಿಗೆ ಬಂತು. ತೊಟ್ಟಿಯ ಗೋಡೆ ಕೆಳಗೆ ಸಣ್ಣದಾಗಿ ಮೇಲೆ ಅಗಲವಾಗಿ ಇರುತ್ತಿತ್ತು, ತಳದಲ್ಲಿ ಬಾಗಿಲು. ಬಾಗಿಲು ಬಿಚ್ಚಿದರೆ ಕಲ್ಲಿದ್ದಲು ತಾನೇ ಕೆಳಗೆ ಜಾರುತ್ತಿತ್ತು. ಇವತ್ತು ಥರ್ಮಲ್ ಸ್ಟೇಷನ್ನಿಗೆ ಹೋಗುವ ಡಬ್ಬಿಗಳಲ್ಲಿ ಇರುವುದೂ ಇದೇ ಯುಕ್ತಿ. 1825ರಲ್ಲಿ ಶುರುವಾದ ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲಿನ ಮುಖ್ಯ ದುಡಿಮೆಯೂ ಕಲ್ಲಿದ್ದಲಿನದೇ.

ನಮ್ಮ ದೇಶದ ಮೊದಲ ರೈಲು ಯಾವುದು ಅಂದರೆ ಎಲ್ಲರೂ 1853ರ ಏಪ್ರಿಲ್ 16, ಬೋರಿ ಬಂದರಿನಿಂದ ಠಾಣೆಗೆ ಅಂತಾರೆ. ಪ್ರಯಾಣಿಕರ ರೈಲಿನ ಮಟ್ಟಿಗೆ ಅದು ಸರಿ. ಆದರೆ ಅದಕ್ಕೂ ಮುಂಚೆ ಈ ನೆಲದಲ್ಲಿ ಹಳಿಯ ಮೇಲೆ ಓಡಿದ್ದು ಮಾಳಿಗೆ ಇಲ್ಲದ ಡಬ್ಬಿಗಳೇ. 1837ರಲ್ಲಿ ಮದ್ರಾಸಿನ ಹತ್ತಿರ ರೆಡ್ ಹಿಲ್ಸ್‌ನಲ್ಲಿ ರಸ್ತೆ ಕೆಲಸದ ಕಲ್ಲು ಸಾಗಿಸಲು ಒಂದು ರೈಲು ಹಾಕಿದ್ದರು. ಮುಂದೆ ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ ಅವರ ಹೆಸರು ಅದರ ಜೊತೆ ಸೇರಿದೆ. 1851ರಲ್ಲಿ ರೂರ್ಕಿಯ ಹತ್ತಿರ ಗಂಗಾ ಕಾಲುವೆಯ ಸೋಲಾನಿ ಮೇಲ್ಗಾಲುವೆ ಕಟ್ಟುವಾಗ ಮಣ್ಣು ಸಾಗಿಸಲು ಇನ್ನೊಂದು. ಮೊದಲು ಕಲ್ಲು, ಆಮೇಲೆ ಮಣ್ಣು, ಮನುಷ್ಯರು ಬಂದದ್ದು ಅದಾದ ಮೇಲೆ.

ನಾಲ್ಕು ಗಾಲಿಯ ಕಾಲ

ಕಂಪನಿಗಳ ಕಾಲದಲ್ಲಿ ಡಬ್ಬಿಗೆ ನಾಲ್ಕೇ ಗಾಲಿ, ಎರಡು ಅಚ್ಚು. ಅಡಿಯ ಚೌಕಟ್ಟು ಕಬ್ಬಿಣದ್ದು, ಮೇಲಿನ ಗೋಡೆ ಮೊದಮೊದಲು ಮರದ್ದು, ಆಮೇಲೆ ಉಕ್ಕಿನದು. ಚೌಕಟ್ಟು, ಗಾಲಿಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ಜೋಡಣೆಯಾಗುತ್ತಿದ್ದವು. ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಕೊಕ್ಕೆ ಮತ್ತು ತಿರುಪಿನ ಕೊಂಡಿ, ಎರಡೂ ಪಕ್ಕದಲ್ಲಿ ಡಿಕ್ಕಿ ತಾಳಿಕೊಳ್ಳುವ ಬಫರ್. ಡಬ್ಬಿ ಜೋಡಿಸುವವನು ಎರಡರ ನಡುವೆ ನುಗ್ಗಿ ಆ ತಿರುಪು ಬಿಗಿಯಬೇಕು. ಕೈಕಾಲು ಕಳಕೊಂಡವರ ಕಥೆಗಳು ಪ್ರತಿ ಜಂಕ್ಷನ್ನಿನಲ್ಲೂ ಇವೆ.

ಅಂಥ ಡಬ್ಬಿ ಹೊರುತ್ತಿದ್ದದ್ದು ಇಪ್ಪತ್ತು ಇಪ್ಪತ್ತೆರಡು ಟನ್. ರೈಲ್ವೆಯ ಹಳೆಯ ಗುರುತಿನಲ್ಲಿ ಮುಚ್ಚಿದ ಡಬ್ಬಿಗೆ ಸಿ, ತೆರೆದ ಡಬ್ಬಿಗೆ ಕೆ, ಎಣ್ಣೆಯ ಟ್ಯಾಂಕಿಗೆ ಟಿ. ನಾಲ್ಕು ಗಾಲಿಯ ತೆರೆದ ಡಬ್ಬಿಗೆ ಕೆ.ಸಿ. ಅಂತ ಬರೆದಿರುತ್ತಿತ್ತು. ಮೀಟರ್ ಗೇಜಿನ ಡಬ್ಬಿಯಾದರೆ ಮುಂದೆ ಎಂ ಸೇರುತ್ತಿತ್ತು. ದೊಡ್ಡಪ್ಪನಿಗೆ ಓದು ಬರಹ ಇರಲಿಲ್ಲ, ಆದರೆ ಡಬ್ಬಿಯ ಮೈಮೇಲಿನ ಈ ಅಕ್ಷರಗಳನ್ನು ಮಾತ್ರ ಗುರುತು ಹಿಡೀತಿದ್ದರು. ‘ಕೇಸಿ ಬಂದೈತಿ ಅಂದ್ರ ಕಲ್ಲಿದ್ದಲು ಇಲ್ಲಾ ಕಂಕರು, ಸಲಿಕಿ ತಗಾ. ಸಿ ಬಂದೈತಿ ಅಂದ್ರ ಚೀಲ, ಬೆನ್ನಿಗೆ ಗೋಣಿ ಹಾಕ್ಕಾ’ ಅಂತಿದ್ದರು. ವರ್ಗೀಕರಣ ಅನ್ನುವ ದೊಡ್ಡ ಮಾತನ್ನು ನಾನು ಮೊದಲು ಕಲಿತದ್ದು ಅವರಿಂದಲೇ.

ಆ ಕಾಲದಲ್ಲಿ ಮುಚ್ಚಿದ ಡಬ್ಬಿ ಸಾಲದೆ ಹೋದಾಗ ಹತ್ತಿಯ ಅಂಡಿಗೆಗಳನ್ನೂ ಕಾಳಿನ ಚೀಲಗಳನ್ನೂ ತೆರೆದ ಡಬ್ಬಿಗೇ ಒಟ್ಟಿ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಕಲ್ಲಿದ್ದಲಿನ ಎಂಜಿನ್ನಿನ ಕೊಳವೆಯಿಂದ ಹಾರುವ ಕಿಡಿ ಹತ್ತಿಯ ಮೇಲೆ ಬಿದ್ದರೆ ಗತಿಯೇನು? ಅದಕ್ಕೇ ಹತ್ತಿ ತುಂಬಿದ ಡಬ್ಬಿಗಳನ್ನು ಎಂಜಿನ್ನಿನಿಂದ ದೂರ ಇಡುವ ಎಚ್ಚರಿಕೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ನಮ್ಮ ಕರಿನೆಲದ ಮೇಲೆ ಬಿತ್ತು. ಈ ಕಡೆಗೆ ಬೇಗ ರೈಲು ಬರಬೇಕು ಅನ್ನುವ ಒತ್ತಾಯದ ಹಿಂದೆ ಆ ಹತ್ತಿಯೂ ಇತ್ತು.

ಡಬ್ಬಿಯ ಲೆಕ್ಕ ಬರೀ ವ್ಯಾಪಾರದ ಲೆಕ್ಕವಲ್ಲ ಅನ್ನುವುದನ್ನು 1876ರಿಂದ 1878ರವರೆಗಿನ ಬರ ತೋರಿಸಿಕೊಟ್ಟಿತು. ಆಗ ಆದೋನಿ, ಆಲೂರು, ರಾಯದುರ್ಗ ಎಲ್ಲ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಈ ಮೂರು ತಾಲೂಕು ಆ ಕಡೆ ಹೋಗಿ, ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಬರದ ವರ್ಷ ಬಳ್ಳಾರಿ ಜಿಲ್ಲೆ ಹೆಚ್ಚು ಸತ್ತ ಜಿಲ್ಲೆಗಳಲ್ಲಿ ಒಂದು. ಹಡಗಿನಲ್ಲಿ ಬಂದ ಅಕ್ಕಿಯ ಚೀಲಗಳು ಮದ್ರಾಸಿನ ಕಡಲ ದಂಡೆಯ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಹಳಿ ಇತ್ತು, ಕಾಳು ಇತ್ತು. ಅದನ್ನು ಬೇಕಾದ ವೇಗದಲ್ಲಿ ಒಳನಾಡಿಗೆ ಒಯ್ಯುವಷ್ಟು ಡಬ್ಬಿ, ಎಂಜಿನ್ ಇರಲಿಲ್ಲ. ಕಾಳು ಮುಟ್ಟಿದ ಊರಲ್ಲೂ ಕೊಳ್ಳಲು ಬಡವರ ಕೈಯಲ್ಲಿ ಕಾಸು ಇರಲಿಲ್ಲ ಅನ್ನುವುದು ಬೇರೆ ಮಾತು. ಒಂದು ಡಬ್ಬಿ ಎಷ್ಟು ಹೊರುತ್ತದೆ, ದಿನಕ್ಕೆ ಎಷ್ಟು ಡಬ್ಬಿ ಹೋಗುತ್ತವೆ ಅನ್ನುವುದು ಆ ವರ್ಷ ಜೀವದ ಪ್ರಶ್ನೆಯಾಗಿತ್ತು.

ಇನ್ನೊಂದು ತೊಡಕು ಗೇಜಿನದು. ಗುಂತಕಲ್ಲಿನಿಂದ ಬಳ್ಳಾರಿ ಹುಬ್ಬಳ್ಳಿ ಕಡೆಗೆ, ಧರ್ಮಾವರದ ಕಡೆಗೆ ಮೀಟರ್ ಗೇಜು. ರಾಯಚೂರು ಮದ್ರಾಸು ಕಡೆಗೆ ಬ್ರಾಡ್ ಗೇಜು. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಮಾಲನ್ನೆಲ್ಲ ಕೈಯಿಂದ ಬದಲಿಸಬೇಕು. ಗುಂತಕಲ್ಲಿನಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಬದಲಿಯ ಕೂಲಿಯಿಂದ.

ಬಾಕ್ಸ್ ಅಂದರೆ ಪೆಟ್ಟಿಗೆಯಲ್ಲ

ಸ್ವಾತಂತ್ರ್ಯ ಬಂದ ಮೇಲೆ ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಉಕ್ಕಿನ ಕಾರ್ಖಾನೆಗಳು ಎದ್ದವು. ಅವುಗಳ ಬಾಯಿಗೆ ದಿನವೂ ಸಾವಿರಾರು ಟನ್ ಅದಿರು, ಕಲ್ಲಿದ್ದಲು ಸುರಿಯಬೇಕು. ಇಪ್ಪತ್ತು ಟನ್ನಿನ ಡಬ್ಬಿಗಳಿಂದ ಅದು ಆಗುವ ಮಾತಲ್ಲ. ರೈಲ್ವೆಯ ಸಂಶೋಧನೆ ಮತ್ತು ವಿನ್ಯಾಸದ ಸಂಸ್ಥೆ, ಆರ್.ಡಿ.ಎಸ್.ಒ., 1957ರಲ್ಲಿ ಆಯಿತು. ಆ ಸುಮಾರಿಗೇ ಹೊಸ ತೆರೆದ ಡಬ್ಬಿಯೂ ಬಂತು. ಅದರ ಹೆಸರು ಬಾಕ್ಸ್.

ಇದನ್ನು ಓದಿ ಪೆಟ್ಟಿಗೆ ಅಂದುಕೊಳ್ಳಬಾರದು. ಇದು ಮೂರು ಅಕ್ಷರ. ಬಿ ಅಂದರೆ ಬೋಗಿ, ನಾಲ್ಕು ಗಾಲಿಯ ತಿರುಗುವ ಚೌಕಟ್ಟು. ಅಂಥವು ಒಂದು ಡಬ್ಬಿಗೆ ಎರಡು, ಒಟ್ಟು ಎಂಟು ಗಾಲಿ, ನಾಲ್ಕು ಅಚ್ಚು. ನಮ್ಮ ಕಡೆ ಪ್ಯಾಸೆಂಜರ್ ಡಬ್ಬಿಗೇ ಬೋಗಿ ಅಂತೀವಿ, ಆದರೆ ರೈಲ್ವೆಯವರಿಗೆ ಬೋಗಿ ಅಂದರೆ ಕೆಳಗಿನ ಈ ಗಾಲಿಗಳ ಚೌಕಟ್ಟು. ಒ ಅಂದರೆ ಓಪನ್, ತೆರೆದದ್ದು. ಎಕ್ಸ್ ಅಂದರೆ ಎತ್ತರದ ಗೋಡೆಯದು. ಈ ಬೀಗದ ಕೈ ಸಿಕ್ಕರೆ ಉಳಿದ ಹೆಸರುಗಳೂ ತಾವೇ ತೆರೆದುಕೊಳ್ಳುತ್ತವೆ. ಎಕ್ಸ್ ಬದಲು ವೈ ಇದ್ದರೆ, ಅಂದರೆ ಬಿ.ಒ.ವೈ. ಆದರೆ, ನಡುಮಟ್ಟದ ಗೋಡೆಯ ಡಬ್ಬಿ. ಬಾಸ್ಟ್ ಅಂದರೆ ಉಕ್ಕಿನ ಕಂಬಿ, ಪೈಪುಗಳಿಗೆ ಉದ್ದವಾಗಿ ಮಾಡಿದ್ದು. ಬಿ.ಒ.ಬಿ.ಆರ್. ಅಂದರೆ ತಳ ಬಿಚ್ಚಿ ಬೇಗ ಸುರಿಯುವಂಥದ್ದು. ಬಿ.ಸಿ. ಅಂತ ಶುರುವಾದರೆ ಮಾಳಿಗೆ ಇರುವ ಡಬ್ಬಿ, ನಮ್ಮ ರಸಗೊಬ್ಬರ, ಸಿಮೆಂಟು, ಅಕ್ಕಿ ಬರುವುದು ಅದರಲ್ಲಿ. ಕೊನೆಯಲ್ಲಿ ಎನ್ ಇದ್ದರೆ ಗಾಳಿಯ ಬ್ರೇಕು.

ಯೂರೋಪಿನವರೂ ಹೀಗೇ ಅಕ್ಷರ ಹಂಚಿಕೊಂಡಿದ್ದಾರೆ. ಅಲ್ಲಿ ಸಾಮಾನ್ಯ ತೆರೆದ ಡಬ್ಬಿಗೆ ಇ, ವಿಶೇಷ ನಮೂನೆಯ ತೆರೆದ ಡಬ್ಬಿಗೆ ಎಫ್, ಮುಚ್ಚಿದ್ದಕ್ಕೆ ಜಿ. ಒಂದು ದೇಶದ ಡಬ್ಬಿ ಇನ್ನೊಂದು ದೇಶದ ಹಳಿಯ ಮೇಲೆ ಹೋದಾಗ ಭಾಷೆ ಗೊತ್ತಿಲ್ಲದವನೂ ಅದೇನೆಂದು ತಿಳಿಯಬೇಕಲ್ಲ.

ಬಾಕ್ಸ್ ಜೊತೆ ಎರಡು ಬದಲಾವಣೆ ಬಂದವು. ತಿರುಪಿನ ಕೊಂಡಿ ಹೋಗಿ ನಡುವಿನ ಕಪ್ಲರ್ ಬಂತು. ಎರಡು ಮುಷ್ಟಿ ಒಂದಕ್ಕೊಂದು ಸಿಕ್ಕಿಕೊಂಡ ಹಾಗೆ, ಡಬ್ಬಿಗೆ ಡಬ್ಬಿ ತಾಗಿದರೆ ಸಾಕು, ತಾನೇ ಬೀಗ ಬೀಳುತ್ತದೆ. ನಡುವೆ ನುಗ್ಗಿ ತಿರುಪು ಬಿಗಿಯುವ ಅಪಾಯದ ಕೆಲಸ ತಪ್ಪಿತು, ಎಳೆಯುವ ಶಕ್ತಿಯೂ ಹೆಚ್ಚಿತು. ಎರಡನೆಯದು ರೋಲರ್ ಬೇರಿಂಗು. ಹಳೆಯ ಡಬ್ಬಿಯಲ್ಲಿ ಅಚ್ಚಿನ ತುದಿಗೆ ಎಣ್ಣೆಯ ಪೆಟ್ಟಿಗೆ, ಅದರೊಳಗೆ ಎಣ್ಣೆ ಹೀರಿದ ನೂಲಿನ ಉಂಡೆ. ಎಣ್ಣೆ ಒಣಗಿದರೆ ಅಚ್ಚು ಕಾದು ಹೊಗೆ ಬರುತ್ತಿತ್ತು. ‘ಹಾಟ್ ಆಕ್ಸಲ್’ ಅಂತ ಗಾಡಿ ನಿಲ್ಲಿಸಿ ಆ ಡಬ್ಬಿಯನ್ನು ಬಿಚ್ಚಿ ಬಿಟ್ಟು ಹೋಗುತ್ತಿದ್ದರು. ಹೊಸ ಬೇರಿಂಗಿನಲ್ಲಿ ಆ ಕಾಟ ಬಹಳ ಕಡಿಮೆಯಾಯಿತು.

ಐವತ್ತೆಂಟೇ ಯಾಕೆ?

ಗೇಟಿನ ಹತ್ತಿರ ನಿಂತು ಡಬ್ಬಿ ಎಣಿಸದ ಹುಡುಗರಿಲ್ಲ. ಅದಿರಿನ ಗಾಡಿ, ಕಲ್ಲಿದ್ದಲಿನ ಗಾಡಿ ಎಣಿಸಿದರೆ ಹೆಚ್ಚಾಗಿ 58 ಅಥವಾ 59 ಬರುತ್ತದೆ. ಅರವತ್ತೇ ಮಾಡಿದರೆ ಏನಾಗುತ್ತಿತ್ತು? ನನ್ನ ಏಳನೇ ತರಗತಿಗೆ ನಾನು ಕೊಡುತ್ತಿದ್ದ ಲೆಕ್ಕ ಇದು.

1980ರ ದಶಕದ ಶುರುವಿನಲ್ಲಿ ಬಾಕ್ಸ್-ಎನ್ ಬಂತು. ಹಳೆಯ ಬಾಕ್ಸಿನ ಉದ್ದ ಸುಮಾರು 13.7 ಮೀಟರ್. ಬಾಕ್ಸ್-ಎನ್ ಉದ್ದ 10.7 ಮೀಟರ್. ಉದ್ದ ಕಡಿಮೆ, ಗೋಡೆ ಎತ್ತರ. ದೊಡ್ಡದು ಮಾಡುವ ಕಾಲದಲ್ಲಿ ಡಬ್ಬಿಯನ್ನು ಗಿಡ್ಡ ಮಾಡಿದ್ದು ಯಾಕೆ? ಉತ್ತರ ಸ್ಟೇಷನ್ನಿನಲ್ಲಿದೆ. ಗೂಡ್ಸ್ ಗಾಡಿ ಹಿಂದೆ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪಕ್ಕದ ಲೂಪ್ ಲೈನಿನಲ್ಲಿ ನಿಲ್ಲಬೇಕು. ಲೂಪಿನ ಮಾಮೂಲಿ ಉದ್ದ 686 ಮೀಟರ್. ಅದರೊಳಗೆ ಎಂಜಿನ್ನುಗಳು, ಡಬ್ಬಿಗಳು, ಕೊನೆಯ ಗಾರ್ಡಿನ ಡಬ್ಬಿ ಎಲ್ಲ ಹಿಡಿಸಬೇಕು. 58 ಬಾಕ್ಸ್-ಎನ್ ಡಬ್ಬಿ ಅಂದರೆ ಸುಮಾರು 621 ಮೀಟರ್. ಉಳಿದ 65 ಮೀಟರಿನಲ್ಲಿ ಎಂಜಿನ್ನೂ ಗಾರ್ಡಿನ ಡಬ್ಬಿಯೂ ನಿಲ್ಲುತ್ತವೆ. ಅದೇ 621 ಮೀಟರಿನಲ್ಲಿ ಹಳೆಯ ಬಾಕ್ಸ್ ಹಿಡಿಸುವುದು 45 ಮಾತ್ರ.

ಈಗ ತೂಕ ನೋಡೋಣ. ಒಂದು ಅಚ್ಚಿನ ಮೇಲೆ 20.32 ಟನ್‌ಗಿಂತ ಹೆಚ್ಚು ಬೀಳಬಾರದು ಅನ್ನುವುದು ಹಳಿಯ ಮಿತಿ. ನಾಲ್ಕು ಅಚ್ಚಿಗೆ 81.28 ಟನ್. ಬಾಕ್ಸ್-ಎನ್ ಸ್ವಂತ ತೂಕ 22.47 ಟನ್. ಕಳೆದರೆ ಮಾಲು 58.81 ಟನ್. ಹಳೆಯ ಬಾಕ್ಸಿನ ಸ್ವಂತ ತೂಕ ಸುಮಾರು 25 ಟನ್, ಮಾಲು 56 ಟನ್ನಿನ ಆಸುಪಾಸು. 45 ಡಬ್ಬಿಗೆ ಗುಣಿಸಿದರೆ 2,520 ಟನ್. 58 ಬಾಕ್ಸ್-ಎನ್ ಡಬ್ಬಿಗೆ 3,400 ಟನ್ನಿಗೂ ಮೇಲೆ. ಸ್ಟೇಷನ್ ಉದ್ದ ಮಾಡಲಿಲ್ಲ, ಹಳಿ ಬದಲಿಸಲಿಲ್ಲ, ಒಂದೇ ಗಾಡಿಗೆ ಸುಮಾರು 900 ಟನ್ ಹೆಚ್ಚು ಮಾಲು. ಡಬ್ಬಿಯ ಆಕಾರದಿಂದ ಬಂದ ಲಾಭ ಇದು.

ಆದರೆ ಇಷ್ಟು ಭಾರದ ಗಾಡಿ ನಿಲ್ಲಬೇಕಲ್ಲ? ಹಳೆಯ ಡಬ್ಬಿಗಳಿಗೆ ವ್ಯಾಕ್ಯೂಮ್ ಬ್ರೇಕು. ಕೊಳವೆಯೊಳಗಿನ ಗಾಳಿಯನ್ನು ಹೀರಿ, ಹೊರಗಿನ ಗಾಳಿಯ ಒತ್ತಡದಿಂದ ಬ್ರೇಕು ಹಾಕುವ ವಿಧಾನ. ಹೊರಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಅಷ್ಟೇ. ಅದನ್ನು ಯಾರೂ ಹೆಚ್ಚು ಮಾಡಲಾರರು. ಗಾಡಿ ಉದ್ದವಾದಷ್ಟೂ ಹಿಂದಿನ ಡಬ್ಬಿಗಳಿಗೆ ಬ್ರೇಕು ತಡವಾಗಿ ಹತ್ತುತ್ತದೆ. ಗಾಳಿ ಬ್ರೇಕಿನಲ್ಲಿ ಯಂತ್ರದಿಂದ ಗಾಳಿ ಒತ್ತಿ ತುಂಬುತ್ತಾರೆ, ಕೊಳವೆಯಲ್ಲಿ ಐದು ಕಿಲೋ ಒತ್ತಡ. ಬ್ರೇಕು ಬೇಗ ಹತ್ತುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ಹೆಸರಿನ ಕೊನೆಯ ಎನ್ ಅಕ್ಷರ ಇಲ್ಲದಿದ್ದರೆ 58 ಡಬ್ಬಿಯ ಗಾಡಿ ನಮ್ಮ ಗೇಟು ದಾಟುತ್ತಲೇ ಇರಲಿಲ್ಲ.

ಅರ್ಧ ಖಾಲಿ ಡಬ್ಬಿಯ ಗುಟ್ಟು

ಮೇಲ್ಸೇತುವೆಯ ಮೇಲೆ ನಿಂತು ನೋಡಿದವರು ಕೇಳುತ್ತಾರೆ, ಕಲ್ಲಿದ್ದಲಿನ ಡಬ್ಬಿ ತುಂಬಿ ತುಳುಕುತ್ತದೆ, ಅದಿರಿನ ಡಬ್ಬಿ ಮಾತ್ರ ಅರ್ಧಕ್ಕಿಂತ ಕೆಳಗೆ ಯಾಕೆ, ಕದ್ದರೇನು? ಕದ್ದದ್ದಲ್ಲ. ಬಾಕ್ಸ್-ಎನ್ ಡಬ್ಬಿಯೊಳಗೆ ಸುಮಾರು 56 ಘನ ಮೀಟರ್ ಜಾಗ. ಕಲ್ಲಿದ್ದಲು ಒಂದು ಘನ ಮೀಟರಿಗೆ ಒಂದು ಟನ್ನಿಗೂ ಕಮ್ಮಿ ತೂಗುತ್ತದೆ, ಅದಕ್ಕೇ ಡಬ್ಬಿ ತುಂಬಿದರೂ ತೂಕ ಮೀರುವುದಿಲ್ಲ. ಕಬ್ಬಿಣದ ಅದಿರು ಎರಡೂವರೆ ಟನ್ನಿನ ಆಸುಪಾಸು. 58 ಟನ್ ಅದಿರಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಘನ ಮೀಟರ್ ಸಾಕು. ಉಳಿದ ಎತ್ತರದ ಗೋಡೆ ಅದಿರಿಗೆ ದಂಡ, ಸುಮ್ಮನೆ ಹೊರುವ ಕಬ್ಬಿಣ. ಬೈಲಾಡಿಲಾ ಗಣಿಗಳಿಂದ ವಿಶಾಖಪಟ್ಟಣಕ್ಕೆ ಅದಿರು ಇಳಿಸುವ ಕಿರಂದುಲ್ ಲೈನಿನಲ್ಲಿ ಗೋಡೆ ತಗ್ಗಿಸಿದ ಬಿ.ಒ.ವೈ. ಡಬ್ಬಿಗಳನ್ನು ಓಡಿಸಿದ್ದು ಈ ಲೆಕ್ಕದಿಂದಲೇ.

ಥರ್ಮಲ್ ಸ್ಟೇಷನ್ನಿನ ಡಬ್ಬಿಯ ಲೆಕ್ಕ ಬೇರೆ. ಅಲ್ಲಿ ಸಮಯವೇ ದುಡ್ಡು. ಬಿ.ಒ.ಬಿ.ಆರ್.ಎನ್. ಡಬ್ಬಿಯ ತಳದ ಬಾಗಿಲುಗಳು ಗಾಳಿಯ ಒತ್ತಡದಿಂದ ತೆರೆಯುತ್ತವೆ, ಕಲ್ಲಿದ್ದಲು ಕೆಳಗಿನ ಗುಂಡಿಗೆ ಬೀಳುತ್ತದೆ, ಬಾಗಿಲು ಮುಚ್ಚಿ ಗಾಡಿ ಮತ್ತೆ ಗಣಿಗೆ ಹೊರಡುತ್ತದೆ. ಬಾಕ್ಸ್-ಎನ್ ಆದರೆ ಟಿಪ್ಲರ್ ಅನ್ನುವ ಯಂತ್ರ ಡಬ್ಬಿಯನ್ನು ಹಿಡಿದು ಮಗುಚಿ ಸುರಿಯುತ್ತದೆ, ಮನೆಯಲ್ಲಿ ಕೊಡ ಬಗ್ಗಿಸಿದ ಹಾಗೆ.

2000ದ ನಂತರ ಚೀನಾದಲ್ಲಿ ಉಕ್ಕಿನ ಹಸಿವು ಹೆಚ್ಚಿದಾಗ ಸಂಡೂರು ಹೊಸಪೇಟೆಯ ಅದಿರಿಗೆ ಬಂಗಾರದ ಬೆಲೆ ಬಂತು. ಗುಂತಕಲ್ಲು ದಾಟಿ ಪೂರ್ವದ ಬಂದರುಗಳಿಗೆ ಹಗಲು ರಾತ್ರಿ ಗಾಡಿ. 2005ರ ಹೊತ್ತಿಗೆ ರೈಲ್ವೆ ಆಯ್ದ ದಾರಿಗಳಲ್ಲಿ ಅದೇ ಡಬ್ಬಿಗೆ ಏಳೆಂಟು ಟನ್ ಹೆಚ್ಚು ಹೇರಲು ಅಪ್ಪಣೆ ಕೊಟ್ಟಿತು. ಡಬ್ಬಿ ಹೊಸದಲ್ಲ, ಹಳಿ ಹೊಸದಲ್ಲ, ಕಾಗದದ ಮೇಲಿನ ಅಂಕಿ ಬದಲಾಯಿತು, ಆದಾಯ ಏರಿತು. ಹಳಿಗೆ, ಸೇತುವೆಗೆ ಇದು ತಾಳುತ್ತದೆಯೇ ಅಂತ ಎಂಜಿನಿಯರುಗಳಲ್ಲೇ ಚರ್ಚೆ ನಡೆಯಿತು. ಆಮೇಲೆ ಆ ತೂಕಕ್ಕೆ ಅಂತಲೇ ಮಾಡಿದ ಬಾಕ್ಸ್-ಎನ್-ಎಚ್-ಎಲ್ ಬಂತು. ಸ್ಟೇನ್‌ಲೆಸ್ ಉಕ್ಕಿನ ಮೈ, ತುಕ್ಕು ಕಡಿಮೆ, ಸ್ವಂತ ತೂಕ 20.6 ಟನ್. ಅಚ್ಚಿಗೆ 22.9 ಟನ್ನಿನಂತೆ ನಾಲ್ಕಕ್ಕೆ 91.6. ಕಳೆದರೆ ಮಾಲು 71 ಟನ್. 58 ಡಬ್ಬಿಗೆ 4,100 ಟನ್ ದಾಟುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸೈಡಿಂಗುಗಳು ಬಿಕೋ ಅಂದವು. ಅಷ್ಟು ದಿನ ಸೈಡಿಂಗ್ ಪಕ್ಕದ ಹೊಲಗಳಲ್ಲಿ ಜೋಳದ ಗರಿಯೂ ಕೆಂಪಾಗಿತ್ತು. ಮಾಳಿಗೆ ಇಲ್ಲದ ಡಬ್ಬಿಯ ಧೂಳಿಗೆ ಸುಂಕ ಕಟ್ಟಿದವರು ಆ ಹೊಲದವರು.

ನಂಬರಿನಲ್ಲಿ ಅಡಗಿದ ಪಾಠ

ಶಿಕ್ಷಕ ಮಿತ್ರರಿಗೆ ಒಂದು ಮಾತು. ಡಬ್ಬಿಯ ಮೈಮೇಲೆ ಹನ್ನೊಂದು ಅಂಕಿಯ ನಂಬರು ಇರುತ್ತದೆ. ಮೊದಲ ಎರಡು ಅಂಕಿ ಡಬ್ಬಿಯ ಜಾತಿ: 10ರಿಂದ 29ರವರೆಗೆ ತೆರೆದದ್ದು, 30ರಿಂದ 39 ಮುಚ್ಚಿದ್ದು. ಮುಂದಿನ ಎರಡು ಯಾವ ರೈಲ್ವೆಯದು ಅಂತ, 09 ಅಂದರೆ ದಕ್ಷಿಣ ಮಧ್ಯ ರೈಲ್ವೆ. ಆಮೇಲಿನ ಎರಡು ತಯಾರಾದ ವರ್ಷ. ಆಮೇಲೆ ನಾಲ್ಕು ಅಂಕಿ ಆ ಡಬ್ಬಿಯ ಸ್ವಂತ ನಂಬರು. ಹನ್ನೊಂದನೆಯ ಅಂಕಿ ಕಾವಲುಗಾರ. ಬರೆದುಕೊಳ್ಳುವವನು ತಪ್ಪಿದರೆ ಅದು ಹಿಡಿದುಕೊಡುತ್ತದೆ.

ಪಾಠಕ್ಕೆ ಅಂತ ಒಂದು ನಂಬರು ನಾವೇ ಕಟ್ಟೋಣ: 12 09 08 1235. ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ, ಹತ್ತನೆಯ ಅಂಕಿ ಕೂಡಿಸಿ: 2, 9, 8, 2, 5, ಒಟ್ಟು 26. ಮೂರರಿಂದ ಗುಣಿಸಿ, 78. ಉಳಿದ ಅಂಕಿಗಳು 1, 0, 0, 1, 3, ಒಟ್ಟು 5. ಎರಡೂ ಕೂಡಿ 83. ಮುಂದಿನ ಹತ್ತರ ಮಗ್ಗಿ 90. ಅದಕ್ಕೆ ಬೇಕಾದದ್ದು 7. ಆ ಏಳೇ ಹನ್ನೊಂದನೆಯ ಅಂಕಿ. ಪ್ಲಾಟ್‌ಫಾರ್ಮಿನ ಮೇಲೆ ಸುರಕ್ಷಿತವಾಗಿ ನಿಲ್ಲಿಸಿ, ನಿಂತ ಗಾಡಿಯ ನಂಬರು ಬರೆಸಿ, ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ. ಪುಸ್ತಕದ ಲೆಕ್ಕಕ್ಕೆ ಆಕಳಿಸುವ ಹುಡುಗ ಇದಕ್ಕೆ ಆಕಳಿಸುವುದಿಲ್ಲ. ನಾನು ಮಾಡಿಸಿ ನೋಡಿದ್ದೇನೆ.

ಯಾರಿಗೆ ಬಂತು, ಯಾರಿಗೆ ಹೋಯಿತು

ದೊಡ್ಡಪ್ಪನ ಕಾಲದಲ್ಲಿ ಶೇಂಗಾ ವ್ಯಾಪಾರಿ ಒಬ್ಬ ಸಣ್ಣ ಸ್ಟೇಷನ್ನಿಗೆ ಬಂದು ಒಂದೇ ಒಂದು ಡಬ್ಬಿ ಬುಕ್ ಮಾಡಬಹುದಿತ್ತು. ಸ್ಟೇಷನ್ ಮಾಸ್ಟರು ಬರೆದುಕೊಳ್ಳುತ್ತಿದ್ದರು, ಎರಡು ಮೂರು ದಿನಕ್ಕೆ ಖಾಲಿ ಡಬ್ಬಿ ಬಂದು ನಿಲ್ಲುತ್ತಿತ್ತು. ಹತ್ತು ಹನ್ನೆರಡು ಹಮಾಲರು ಸೇರಿ ತುಂಬುತ್ತಿದ್ದರು. ಹಾದಿಯ ಗೂಡ್ಸ್ ಅದನ್ನು ಎಳೆದುಕೊಂಡು ದೊಡ್ಡ ಯಾರ್ಡಿಗೆ ಒಯ್ಯುತ್ತಿತ್ತು. ಅಲ್ಲಿ ಡಬ್ಬಿಗಳನ್ನು ಬಿಚ್ಚಿ, ಊರೂರಿನ ಲೆಕ್ಕದಲ್ಲಿ ವಿಂಗಡಿಸಿ, ಮತ್ತೆ ಜೋಡಿಸಬೇಕು. ಒಂದು ಡಬ್ಬಿ ಯಾರ್ಡುಗಳಲ್ಲೇ ವಾರಗಟ್ಟಲೆ ಕೊಳೆಯುವುದಿತ್ತು. ಮಾಲು ಕಳುವಾಗುವುದೂ ಇತ್ತು. ರೈಲ್ವೆಗೆ ಅದು ನಷ್ಟದ ಬಾಬತ್ತೇ ಅನ್ನುವುದನ್ನು ಒಪ್ಪಬೇಕು.

1980ರ ದಶಕದಿಂದ ರೈಲ್ವೆ ಒಂದೊಂದೇ ಡಬ್ಬಿಯ ವ್ಯವಹಾರ ಕಡಿಮೆ ಮಾಡಿ ಇಡೀ ಗಾಡಿ, ಅವರ ಮಾತಿನಲ್ಲಿ ರೇಕು, ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವ ಪದ್ಧತಿಗೆ ತಿರುಗಿತು. 58 ಡಬ್ಬಿ ಬಿಚ್ಚುವುದಿಲ್ಲ, ಯಾರ್ಡಿನಲ್ಲಿ ನಿಲ್ಲುವುದಿಲ್ಲ. ದೇಶಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ. ನಮ್ಮ ಮನೆಯ ಲೈಟು ಉರಿಯುವುದು ಈ ಪದ್ಧತಿಯಲ್ಲಿ ಬಂದ ಕಲ್ಲಿದ್ದಲಿನಿಂದ. ಆದರೆ 3,400 ಟನ್ ಶೇಂಗಾ ಒಂದೇ ದಿನ ಯಾವ ವ್ಯಾಪಾರಿಯ ಹತ್ತಿರ ಇರುತ್ತದೆ? ಸಣ್ಣ ಮಾಲು ಲಾರಿಗೆ ಹೋಯಿತು. ಸಣ್ಣ ಸ್ಟೇಷನ್ನುಗಳ ಗೂಡ್ಸ್ ಶೆಡ್ಡಿಗೆ ಬೀಗ ಬಿತ್ತು, ಸೈಡಿಂಗಿನ ಹಳಿ ಕಿತ್ತರು. ಬ್ರಾಡ್ ಗೇಜ್ ಎಲ್ಲ ಕಡೆ ಆದ ಮೇಲೆ ಗುಂತಕಲ್ಲಿನಲ್ಲಿ ಮಾಲು ಬದಲಿಸುವ ಕೂಲಿಯೂ ಇಲ್ಲವಾಯಿತು. ಅದಿರು ತುಂಬಲು ಬುಟ್ಟಿ ಹೊರುತ್ತಿದ್ದ ಹೆಂಗಸರ ಜಾಗಕ್ಕೆ ಲೋಡರ್ ಯಂತ್ರ ಬಂತು.

ದೊಡ್ಡಪ್ಪನಿಗೆ ಬೆನ್ನು ನೋವು ಬಿಟ್ಟರೆ ಆ ಕೆಲಸದಿಂದ ಉಳಿದದ್ದು ಏನೂ ಇರಲಿಲ್ಲ. ಹಾಗಂತ ಆ ಕೆಲಸ ಹೋದದ್ದಕ್ಕೆ ಅವರು ಸಂತೋಷಪಡಲೂ ಇಲ್ಲ. ‘ಡಬ್ಬಿ ದೊಡ್ಡದಾತು, ನಮ್ಮ ಊರು ಸಣ್ಣದಾತು’ ಅನ್ನುತ್ತಿದ್ದರು. ಬೆನ್ನು ಮುರಿಯುವ ಕೆಲಸ ಯಂತ್ರಕ್ಕೆ ಹೋಗಲಿ, ಅದು ಸರಿಯೇ. ಆ ಉಳಿತಾಯದಲ್ಲಿ ಬೆನ್ನು ಕೊಟ್ಟವನ ಪಾಲು ಎಲ್ಲಿ ಅನ್ನುವುದು ಮಾತ್ರ ಇನ್ನೂ ಉತ್ತರ ಸಿಗದ ಲೆಕ್ಕ.

ಈಗ ಉತ್ತರ ಭಾರತದಲ್ಲಿ ಸರಕಿಗೆಂದೇ ಬೇರೆ ಹಳಿ ಹಾಕಿದ್ದಾರೆ. ಅಲ್ಲಿ ಅಚ್ಚಿಗೆ 25 ಟನ್, ಗಾಡಿಯ ಉದ್ದ ಒಂದೂವರೆ ಕಿಲೋಮೀಟರ್. ಡಬ್ಬಿ ಇನ್ನೂ ಬೆಳೆಯುತ್ತದೆ, ಅದರ ಹೆಸರಿಗೆ ಇನ್ನೂ ಅಕ್ಷರ ಸೇರುತ್ತವೆ. ಆ ಅಕ್ಷರಗಳನ್ನು ರೈಲ್ವೆಯವರು ಬರೆದಿಡುತ್ತಾರೆ. ಡಬ್ಬಿ ತುಂಬಿದ ಕೈಗಳ ಲೆಕ್ಕ ಬರೆಯುವವರು ಯಾರೂ ಇಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಗೂಡ್ಸ್ ಶೆಡ್ಡಿನಲ್ಲಿ ದುಡಿದ ಮುದುಕರು, ಬುಟ್ಟಿ ಹೊತ್ತ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಡಬ್ಬಿಗೆ ಎಷ್ಟು ಕೂಲಿ, ಎಷ್ಟು ಮಂದಿಯ ಗುಂಪು, ಭಾರ ಎತ್ತುವಾಗ ಏನು ಕೂಗುತ್ತಿದ್ದರು, ಇದೆಲ್ಲ ಅವರ ಬಾಯಲ್ಲಿದೆ. ರಜೆಯಲ್ಲಿ ಶಾಲೆಯ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕೂತು ಬರೆದು ತಂದರೆ ವಾಚನಾಲಯದ ಮುಂದಿನ ಪುಸ್ತಕಕ್ಕೆ ಅದೇ ಸಾಕು. ನೋಟ್‌ಬುಕ್ಕಿನ ಖರ್ಚು ನಾನು ಕೊಡುತ್ತೇನೆ.